ಅಕ್ಕ ಮಡಚಿಟ್ಟ ಎಲೆ

ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದವಳು ನಾನೊಬ್ಬಳೇ. ದೊಡ್ಡವರಿಗೆಲ್ಲ ಪಂಚಾಂಗವಿತ್ತು. ದಿನಸಿ ಅಂಗಡಿಯವನು ಕೊಟ್ಟ ಆ ಕ್ಯಾಲೆಂಡರಿನಲ್ಲಿ ಏಕಾದಶಿ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ನಾನು ಪೆನ್ಸಿಲ್ಲಿನಿಂದ ಒಂದು ಸೊನ್ನೆ ಸುತ್ತುತ್ತಿದ್ದೆ. ಮಾರನೆಯ ದಿನಕ್ಕೆ ಒಂದು ನಕ್ಷತ್ರ. ಸೊನ್ನೆಯ ದಿನ ಒಲೆ ಹಚ್ಚುತ್ತಿರಲಿಲ್ಲ. ನಕ್ಷತ್ರದ ದಿನ ದೋಸೆ.

ಐವತ್ತರ ದಶಕ ಮುಗಿಯುತ್ತಿದ್ದ ವರ್ಷಗಳು ಅವು. ನಮ್ಮ ಮನೆ ಕೀಲ್ಪಾಕಿನಲ್ಲಿ, ಆಸ್ಪತ್ರೆಯಿಂದ ಎರಡು ಬೀದಿ ಆಚೆ. ಕೆಳಗೆ ನಾವು, ಮಹಡಿಯಲ್ಲಿ ರಾಜಿ ಮಾಮಿ. ಅಪ್ಪ ರೈಲ್ವೆ ಆಫೀಸಿನಲ್ಲಿ ಗುಮಾಸ್ತರು. ಅಪ್ಪನ ತಾಯಿ, ನಮ್ಮಜ್ಜಿ, ನಂಜನಗೂಡಿನಿಂದ ಮದರಾಸಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಹಾಲಿನವನ ಜೊತೆ ಜಗಳಕ್ಕೆ ಬೇಕಾದಷ್ಟು ತಮಿಳು ಬಿಟ್ಟು ಹೆಚ್ಚು ಕಲಿತಿರಲಿಲ್ಲ. ಅಕ್ಕ ವತ್ಸಲ ನನಗಿಂತ ಎಂಟು ವರ್ಷ ದೊಡ್ಡವಳು. ನನಗಾಗ ಒಂಬತ್ತು. ನಾವಿಬ್ಬರೂ ಬೀದಿಯಲ್ಲಿ ತಮಿಳು ಆಡಿಕೊಂಡು ಬಂದು ಅದೇ ಬಾಯಲ್ಲಿ ಅಡುಗೆಮನೆಗೆ ನುಗ್ಗಿದರೆ ಅಜ್ಜಿ, “ಆ ಭಾಷೆನ ಚಪ್ಪಲಿ ಜೊತೆ ಹೊರಗಿಟ್ಟು ಬನ್ನಿ” ಎನ್ನುತ್ತಿದ್ದಳು.

ಏಕಾದಶಿಯೆಂದರೆ ನನಗೆ ಸುತರಾಂ ಆಗುತ್ತಿರಲಿಲ್ಲ. ಮಕ್ಕಳಿಗೆ ಅವಲಕ್ಕಿ ಕೊಡುತ್ತಿದ್ದರೇನೋ ನಿಜ. ಆದರೆ ಮನೆಯಲ್ಲಿ ಕಾಫಿಯ ವಾಸನೆ ಇಲ್ಲ, ಒಗ್ಗರಣೆಯ ಸದ್ದಿಲ್ಲ. ಅಡುಗೆಮನೆ ರಜಾ ದಿನದ ಸ್ಕೂಲಿನ ಹಾಗೆ ಬಿಕೋ ಎನ್ನುತ್ತಿತ್ತು. ದ್ವಾದಶಿಯ ಬೆಳಗ್ಗೆ ಮಾತ್ರ ಯಾರೂ ನನ್ನನ್ನು ಎಬ್ಬಿಸಬೇಕಾಗಿರಲಿಲ್ಲ. ಅಗಸೆ ಸೊಪ್ಪಿನ ಪಲ್ಯ ಬೇಯುವ ಘಮ, ನೆಲ್ಲಿಕಾಯಿ ತಂಬುಳಿಗೆ ಜೀರಿಗೆ ಹುರಿಯುವ ಘಮ, ಆಮೇಲೆ ಕಾವಲಿಯ ಮೇಲೆ ಮೊದಲ ದೋಸೆ ಚುಯ್ಯೆನ್ನುವುದು. ಅಜ್ಜಿ ಪೂಜೆ ಮುಗಿಸಿ, ತೀರ್ಥ ತೆಗೆದುಕೊಂಡು ಪಾರಣೆಗೆ ಕೂತರೆ ಹಿಂದಿನ ದಿನದ ಉಪವಾಸ ಮುಗಿದಂತೆ. ಅದಾಗುವ ಮೊದಲು ಯಾರೂ ಮುಟ್ಟುವಂತಿಲ್ಲ. ಅಜ್ಜಿಯ ಮಂತ್ರ ಬೇಗ ಮುಗಿಯಲೆಂದು ನಾನು ದೇವರಿಗೆ ಬೇರೆಯಾಗಿ ಹರಕೆ ಹೊತ್ತುಕೊಳ್ಳುತ್ತಿದ್ದೆ.

ಮನೆಯಲ್ಲಿ ನನ್ನ ಕೆಲಸ ಎಲೆಯದು. ಊಟಕ್ಕೆ ಮೊದಲು ಬಾಳೆಲೆ ಒರೆಸಿ ಹಾಕಬೇಕು. ಊಟ ಆದಮೇಲೆ ಎಂಜಲೆಲೆ ಎತ್ತಿ, ನೆಲಕ್ಕೆ ಸೆಗಣಿನೀರಿನ ಗೋಮೆ ಹಚ್ಚಬೇಕು. ಉಂಡ ಮೇಲೆ ಎಲೆ ಮಡಚುವುದು ನಮ್ಮವರು ಮದರಾಸಿಗೆ ಬಂದಮೇಲೆ ಕಲಿತದ್ದೆಂದು ಅಜ್ಜಿ ಹೇಳುತ್ತಿದ್ದಳು. ಅವಳೊಬ್ಬಳು ಮಡಚುತ್ತಿರಲಿಲ್ಲ. ಎಲೆಗಳನ್ನು ನಾನು ಹಿತ್ತಿಲಿಗೆ ಒಯ್ಯುವಾಗ ಹಾಲಿನವನ ಎಮ್ಮೆ ಮೋಟುಗೋಡೆಯ ಮೇಲೆ ಗದ್ದ ಊರಿ ಕಾದಿರುತ್ತಿತ್ತು.

ಆ ವರ್ಷ ಅಕ್ಕ ಎಸ್ಸೆಸ್ಸೆಲ್ಸಿಯಲ್ಲಿ ಇಡೀ ಸ್ಕೂಲಿಗೆ ಮೊದಲು ಬಂದಳು. ಲೆಕ್ಕದಲ್ಲಿ ನೂರಕ್ಕೆ ನೂರು. ಹೆಡ್‌ಮಿಸ್ಟ್ರೆಸ್ ಸ್ವತಃ ಮನೆಗೆ ಬಂದು, ಈ ಹುಡುಗಿಯನ್ನು ಕಾಲೇಜಿಗೆ ಕಳಿಸಲೇಬೇಕು ಎಂದರು. ಅಪ್ಪ ಅವರಿಗೆ ಕಾಫಿ ಕೊಡಿಸಿ, ಗೇಟಿನ ತನಕ ಬಿಟ್ಟುಬಂದು, “ಗಂಡು ನೋಡ್ತಾ ಇದೀವಿ. ಕಾಲೇಜು ಯಾಕೆ?” ಎಂದು ಪೇಪರು ಬಿಡಿಸಿದರು. ಆ ಮಾತು ಅಲ್ಲಿಗೆ ಮುಗಿಯಿತು.

ಜೂನಿನಲ್ಲಿ ಒಂದು ಗಂಡಿನ ಕಡೆಯವರು ಬಂದರು. ಹುಡುಗನ ಸೋದರತ್ತೆ ಎರಡನೆಯ ಸಲ ಕೇಸರಿಬಾತು ಹಾಕಿಸಿಕೊಳ್ಳುತ್ತ, “ಹುಡುಗಿ ಲಕ್ಷಣವಾಗಿದಾಳೆ. ಮೈ ಒಂಚೂರು ಇಳಿದ್ರೆ ಇನ್ನೂ ಚೆನ್ನಾಗಿರತ್ತೆ” ಎಂದಳು. ಅವರಿಂದ ಕಾಗದ ಬರಲಿಲ್ಲ. ಆಮೇಲೆ ಅಕ್ಕನಿಗೆ ಆದದ್ದಕ್ಕೆಲ್ಲ ಆ ಮಾತೇ ಕಾರಣವೆಂದು ಬೆರಳಿಟ್ಟು ತೋರಿಸಲಾರೆ. ಎಷ್ಟೋ ಹುಡುಗಿಯರು ಇಂಥ ಮಾತು ಕೇಳಿ, ಬಚ್ಚಲುಮನೆಯಲ್ಲಿ ಚೆನ್ನಾಗಿ ಬೈದುಕೊಂಡು, ಉಳಿದ ಕೇಸರಿಬಾತು ತಿಂದು ಸುಮ್ಮನಾಗುತ್ತಾರೆ. ಅಕ್ಕ ಸುಮ್ಮನಾದಳು, ಆದರೆ ಕೇಸರಿಬಾತು ತಿನ್ನಲಿಲ್ಲ.

ಮುಂದಿನ ತಿಂಗಳು ಚಾತುರ್ಮಾಸ್ಯ ಬಂತು. ನಮ್ಮಲ್ಲಿ ಆ ನಾಲ್ಕು ತಿಂಗಳು ಒಂದೊಂದು ತಿಂಗಳಿಗೆ ಒಂದೊಂದನ್ನು ಬಿಡುತ್ತಾರೆ. ಮೊದಲ ತಿಂಗಳು ತರಕಾರಿ, ಸೊಪ್ಪು, ಹಣ್ಣು ಇಲ್ಲ. ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ಹೊಸದೊಂದನ್ನು ಬಿಟ್ಟಾಗ ಹಳೆಯದನ್ನು ಮತ್ತೆ ಹಿಡಿಯಬೇಕು, ಅದು ಲೆಕ್ಕ. ಅಜ್ಜಿ ಪ್ರತಿವರ್ಷ ಹಿಡಿಯುತ್ತಿದ್ದಳು. ಆಫೀಸಿಗೆ ಹೋಗುವ ಅಪ್ಪನಿಗೂ ಸ್ಕೂಲಿಗೆ ಹೋಗುವ ನಮಗೂ ವಿನಾಯಿತಿ ಇತ್ತು.

“ಅಜ್ಜಿ, ಈ ಸಲ ನಾನೂ ನಿನ್ನ ಜೊತೆ ವ್ರತ ಹಿಡೀತೀನಿ” ಎಂದಳು ಅಕ್ಕ.

ಅಜ್ಜಿಯ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಇಡೀ ಬೀದಿಯಲ್ಲಿ ಸುದ್ದಿಯಾಯಿತು. ರಾಜಿ ಮಾಮಿ ಮಹಡಿಯಿಂದ ಇಳಿದುಬಂದು, “ಇಂದ ವಯಸ್ಸಿಲೇ ಎನ್ನ ಭಕ್ತಿ!” ಈ ವಯಸ್ಸಿಗೇ ಎಂಥ ಭಕ್ತಿ ಎಂದು ತಮಿಳಿನಲ್ಲಿ ಕೊಂಡಾಡಿ, ಅಕ್ಕನ ಗಲ್ಲ ಹಿಡಿದು ದೃಷ್ಟಿ ತೆಗೆದರು. ಸ್ಕೂಲಿಗೆ ಮೊದಲು ಬಂದಾಗ ಒಂದು ದಿನ ಹೊಗಳಿದವರು ಈಗ ದಿನಾ ಹೊಗಳತೊಡಗಿದರು. ಅಮ್ಮ ನನಗೆ ಬಡಿಸುವಾಗೆಲ್ಲ, “ನಿಮ್ಮಕ್ಕನ್ನ ನೋಡಿ ಕಲಿ. ನಿನ್ನ ಹೊಟ್ಟೆಗೆ ತಳಾನೇ ಇಲ್ಲ” ಎನ್ನುತ್ತಿದ್ದಳು.

ನನ್ನ ಹೊಟ್ಟೆಗೆ ತಳವಿಲ್ಲದ್ದು ಅಕ್ಕನಿಗೆ ಉಪಯೋಗಕ್ಕೆ ಬಂತು. ಸಂಜೆಯ ತಿಂಡಿಯಲ್ಲಿ ಅವಳು ತನ್ನ ಪಾಲನ್ನು ಒಯ್ದು ನನಗೆ ಹಿತ್ತಿಲ ಮೆಟ್ಟಿಲ ಮೇಲೆ ಕೊಡುತ್ತಿದ್ದಳು. ಕೋಡುಬಳೆ, ಚಕ್ಕುಲಿ, ಶನಿವಾರದ ಉಪ್ಪಿಟ್ಟು, ದ್ವಾದಶಿಯ ದೋಸೆಗಳಲ್ಲಿ ಎರಡು. “ಯಾರಿಗೂ ಹೇಳ್ಬೇಡ. ಹೇಳಿದ್ರೆ ನಿನ್ನ ಹತ್ರ ಮಾತೇ ಆಡಲ್ಲ, ದೇವರಾಣೆ.” ನಾನೇಕೆ ಹೇಳಲಿ? ಬಾಯಿ ತುಂಬಿಕೊಂಡಿದ್ದಾಗ ಮಾತಾಡುವ ಅಭ್ಯಾಸವೂ ನನಗಿರಲಿಲ್ಲ. ಆ ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಪಾವಡೆಯ ಹುಕ್ಕನ್ನು ಅಮ್ಮ ಎರಡು ಸಲ ಬಿಚ್ಚಿ ಹೊಲಿದಳು. ಹಿತ್ತಿಲ ಎಮ್ಮೆಯೂ ಚೆನ್ನಾಗಿ ಮೈತುಂಬಿಕೊಂಡಿತ್ತು. ಅದಕ್ಕೇನು ಕಾರಣವೆಂದು ನಾನು ಆಗ ಯೋಚಿಸಲಿಲ್ಲ.

ಎರಡನೆಯ ತಿಂಗಳು ಬಂತು. ಅಜ್ಜಿ ಮೊಸರು ಬಿಟ್ಟು, ಬದನೆಕಾಯಿ ಹುಳಿಯನ್ನು ತಿಂಗಳ ಹಸಿವು ತೀರುವ ಹಾಗೆ ಉಂಡಳು. ಅಕ್ಕ ಮೊಸರು ಬಿಟ್ಟಳು, ತರಕಾರಿಯನ್ನು ಹಿಡಿಯಲಿಲ್ಲ. “ಇನ್ನೂ ಸ್ವಲ್ಪ ದಿನ ಇರಲಿ ಅಜ್ಜಿ” ಎಂದಳು. ಮೂರನೆಯ ತಿಂಗಳು ಹಾಲೂ ಹೋಯಿತು. ಬಿಟ್ಟದ್ದು ಯಾವುದೂ ವಾಪಸು ಬರಲಿಲ್ಲ. ಇಷ್ಟೆಲ್ಲ ಬಿಟ್ಟವಳು ಅಡುಗೆಮನೆಯನ್ನು ಮಾತ್ರ ಬಿಡಲಿಲ್ಲ. ನವರಾತ್ರಿಯ ಒಂಬತ್ತು ದಿನ ಗೊಂಬೆ ನೋಡಲು ಬಂದವರಿಗೆಲ್ಲ ದಿನಕ್ಕೊಂದು ಬಗೆಯ ಸುಂಡಲ್ ಮಾಡಿದವಳು ಅವಳೇ. ಕಡಲೆಕಾಳು, ಹೆಸರುಕಾಳು, ಬಟಾಣಿ. ತೆಂಗಿನತುರಿ, ಮಾವಿನಕಾಯಿ ಚೂರು ಹಾಕಿ ದೊನ್ನೆಯಲ್ಲಿ ಕೊಟ್ಟು, ಅವರು ತಿನ್ನುವುದನ್ನೇ ನೋಡುತ್ತ ನಿಲ್ಲುತ್ತಿದ್ದಳು. ಒಂದು ಕಾಳು ಬಾಯಿಗೆ ಹಾಕುತ್ತಿರಲಿಲ್ಲ. ಉಪ್ಪು ನೋಡಲು ನನ್ನನ್ನು ಕರೆಯುತ್ತಿದ್ದಳು.

ಆಗ ಕಂಡದ್ದನ್ನು ಈಗ ಒಂದರ ಪಕ್ಕ ಒಂದಿಟ್ಟು ನೋಡಿದರೆ ನನಗೇ ನಾಚಿಕೆಯಾಗುತ್ತದೆ. ಎಲ್ಲವೂ ಕಣ್ಣೆದುರೇ ಇತ್ತು. ಮೊದಲು ಮುಂಗೈ ಬಿಟ್ಟು ಮೇಲೇರದ ಬಳೆಗಳು ಈಗ ತೋಳಿನ ತನಕ ಜಾರುತ್ತಿದ್ದವು. ಬಚ್ಚಲಿನ ಜಾಲರಿಯಲ್ಲಿ ಕೂದಲು ಸಿಕ್ಕಿ ನೀರು ನಿಲ್ಲುತ್ತಿತ್ತು. ಮದರಾಸಿನಲ್ಲಿ, ಫ್ಯಾನಿಲ್ಲದ ಮನೆಯಲ್ಲಿ, ಅಕ್ಕನಿಗೆ ಚಳಿ! ಅಪ್ಪ ಕಾಶಿಗೆ ಹೋದಾಗ ಕೊಂಡಿದ್ದ ಸ್ವೆಟರನ್ನು ತೊಟ್ಟು ಓಡಾಡುತ್ತಿದ್ದಳು. ಓಡಾಟವೂ ಹಾಗೇ, ಕೂತಲ್ಲಿ ಕೂರುವುದಿಲ್ಲ. ಒಣಹಾಕಿದ ಸಂಡಿಗೆಯನ್ನು ನೋಡಲು ತಾರಸಿಗೆ ಎಷ್ಟು ಸಲ ಹತ್ತಿ ಇಳಿದಳೋ. ಪುಸ್ತಕದ ಹುಳುವಾಗಿದ್ದವಳು ಒಂದು ಪುಟವನ್ನೂ ಪೂರ್ತಿ ಓದುತ್ತಿರಲಿಲ್ಲ. ಚಿಕ್ಕದಕ್ಕೂ ಸಿಡುಕುತ್ತಿದ್ದಳು. ಅಮ್ಮ ಇದಕ್ಕೆಲ್ಲ, “ವ್ರತದ ಕಾವು, ಮುಗಿದ ಮೇಲೆ ಸರಿಹೋಗತ್ತೆ” ಎನ್ನುತ್ತಿದ್ದಳು.

ಮಡಿಯ ಮನೆಯಲ್ಲಿ ಮುಚ್ಚಿಡಲಾಗದ ಇನ್ನೊಂದು ವಿಷಯವಿತ್ತು. ಆಗೆಲ್ಲ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದರು. ನಡುಮನೆಯ ಮೂಲೆಯಲ್ಲಿ ಚಾಪೆ, ಬೇರೆ ಲೋಟ. ಅಕ್ಕನ ಚಾಪೆ ಸುತ್ತಿಟ್ಟಲ್ಲೇ ಇತ್ತು. ಮಡಿಯ ಕೆಲಸಕ್ಕೆ ಒಂದು ದಿನವೂ ತಪ್ಪದೆ ಒದಗುತ್ತಾಳೆಂದು ಅಜ್ಜಿಗೆ ಮೊದಲು ಸಂತೋಷವೇ ಆಯಿತಂತೆ. ಅಮ್ಮನಿಗೆ ಮಾತ್ರ ಒಳಗೊಳಗೇ ನಡುಕ. ಒಂದು ಮಧ್ಯಾಹ್ನ ಅಕ್ಕನನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಇಬ್ಬರ ಕಣ್ಣೂ ಕೆಂಪಾಗಿತ್ತು. ಅಮ್ಮ ಏನೆಂದು ಹೆದರಿದ್ದಳೆಂಬುದು ಎಷ್ಟೋ ವರ್ಷದ ಮೇಲೆ ನನಗೆ ಹೊಳೆಯಿತು. ಮರ್ಯಾದೆಗೆ ಅಂಜಿ ಅವಳು ಯಾರಿಗೂ ಬಾಯಿ ಬಿಡಲಿಲ್ಲ.

ನರಕಚತುರ್ದಶಿಯ ಬೆಳಗ್ಗೆ ಎಣ್ಣೆಸ್ನಾನ. ಅಕ್ಕನ ಬೆನ್ನು ಉಜ್ಜಲು ಅಮ್ಮ ನನ್ನನ್ನು ಕಳಿಸಿದಳು. ಬಚ್ಚಲಿನಲ್ಲಿ ಸೀಗೆಪುಡಿಯ ಘಾಟು, ಹಂಡೆಯ ಹೊಗೆ. ಬೆನ್ನ ಮೇಲೆ ಅಂಗೈ ಇಟ್ಟವಳು ಹಿಂದಕ್ಕೆ ತೆಗೆದುಬಿಟ್ಟೆ. ನಾನು ಚಿಕ್ಕವಳಿದ್ದಾಗ ಉಪ್ಪುಮೂಟೆ ಆಡಿಸುತ್ತಿದ್ದ ಬೆನ್ನು ಅದು.

“ಯಾಕೇ?” ಎಂದಳು ಅಕ್ಕ.

“ಒನ್ನುಮಿಲ್ಲೆ”, ಏನೂ ಇಲ್ಲ, ಎಂದೆ. ಗಾಬರಿಯಾದಾಗ ನನಗೆ ತಮಿಳೇ ಬಾಯಿಗೆ ಬರುತ್ತಿತ್ತು.

ಅಕ್ಕ ನನ್ನ ಕಡೆ ತಿರುಗಿ, “ಪದ್ದಿ, ನಿಜ ಹೇಳು. ನಾನಿನ್ನೂ ದಪ್ಪ ಇದೀನಿ ಅಲ್ವಾ?” ಎಂದು ಕೇಳಿದಳು.

ತಮಾಷೆ ಮಾಡುತ್ತಿದ್ದಾಳೆಂದು ಮುಖ ನೋಡಿದೆ. ತಮಾಷೆಯಲ್ಲ. ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆದವಳಿಗೆ, ಒಂಬತ್ತು ವರ್ಷದ ನನ್ನ ಕಣ್ಣಿಗೆ ಕಾಣುವುದು ಕಾಣುತ್ತಿರಲಿಲ್ಲ. ಅಷ್ಟು ಭಯ ನನಗೆ ಅದುವರೆಗೆ ಯಾವುದಕ್ಕೂ ಆಗಿರಲಿಲ್ಲ. ಆ ಹಬ್ಬದ ಲಾಡನ್ನು ನಾನು ಮುಟ್ಟಲಿಲ್ಲವೆಂದರೆ ನನ್ನನ್ನು ಬಲ್ಲವರು ನಂಬಲಾರರು.

ಅಂದು ಮಧ್ಯಾಹ್ನ ಎಲೆ ಎತ್ತುತ್ತಿದ್ದೆ. ಅಪ್ಪನ ಎಲೆ ಹಗುರ, ಅಮ್ಮನದು ಹಗುರ. ಅಕ್ಕನ ಎಲೆ ಒತ್ತಾಗಿ, ಅಂಚು ಒಳಗೆ ಸೇರಿಸಿ ಮಡಚಿತ್ತು. ಕೈಗೆ ಭಾರವಾಗಿ ಬಂತು. ತಿಂಗಳುಗಟ್ಟಲೆ ಹಾಗೇ ಭಾರವಾಗಿತ್ತೆಂದು ಕೈಗೆ ಗೊತ್ತಿತ್ತು, ತಲೆಗೆ ಆಗ ಗೊತ್ತಾಯಿತು. ಹಿತ್ತಿಲ ಗೋಡೆಯ ಮೇಲೆ ಎಮ್ಮೆ ತಲೆಯಿಟ್ಟು ಕಾಯುತ್ತಿತ್ತು. ನಾನು ಅದಕ್ಕೆ ಕೊಡಲಿಲ್ಲ.

ಅಜ್ಜಿ ಆಗಷ್ಟೇ ತನ್ನ ಊಟಕ್ಕೆ ಮಣೆ ಹಾಕಿಕೊಳ್ಳುತ್ತಿದ್ದಳು. ಎಲ್ಲರದೂ ಆದಮೇಲೆ, ಒಲೆಯ ಪಕ್ಕದಲ್ಲಿ ಒಬ್ಬಳೇ ಉಣ್ಣುವುದು ಅವಳ ಕ್ರಮ. ಮಡಿಯೆಂದರೆ ಎಂಥ ಮಡಿ! ನನ್ನ ಸ್ಕೂಲಿನ ಪಾವಡೆ ತಗುಲಿದರೆ ಮತ್ತೆ ಬಾವಿಯಿಂದ ಎರಡು ಕೊಡ ತಣ್ಣೀರು. ನಾನು ಎಂಜಲೆಲೆ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತೆ.

“ಅಯ್ಯೋ ಮುಂಡೇದೆ, ಎಂಜಲು ಹಿಡ್ಕೊಂಡು ಎಲ್ಲಿಗೆ ಬರ್ತಿದೀಯೇ! ಆಚೆ ಹೋಗು.”

“ಅಜ್ಜಿ, ಇದು ಅಕ್ಕನ ಎಲೆ. ತೂಕ ಇದೆ.”

ಅಜ್ಜಿ ನನ್ನ ಮುಖ ನೋಡಿದಳು, ಎಲೆ ನೋಡಿದಳು. ಆಮೇಲೆ ಮಾಡಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಕೈ ಚಾಚಿ ಆ ಎಲೆಯನ್ನು ತೆಗೆದುಕೊಂಡಳು. ಮಡಿಯುಟ್ಟ ತೊಡೆಯ ಮೇಲಿಟ್ಟುಕೊಂಡು ಬಿಚ್ಚಿದಳು. ಬೇಳೆ ಬಿಟ್ಟ ತಿಂಗಳೆಂದು ಮಾಡಿದ್ದ ಕಾಯಿ ಒಬ್ಬಟ್ಟು ಹಾಗೇ ಇತ್ತು. ಅನ್ನ ಹಾಗೇ ಇತ್ತು, ಪುಡಿಪುಡಿ ಮಾಡಿ ಎಲೆಗೆಲ್ಲ ಹರಡಿತ್ತು. ಅಜ್ಜಿ ಅದನ್ನು ಬೆರಳಿನಿಂದ ಒಟ್ಟುಗೂಡಿಸಿದಳು. ಬಡಿಸಿದ ಅಷ್ಟೂ ಅಲ್ಲಿತ್ತು.

“ಎಷ್ಟು ದಿನದಿಂದ?”

ಮೆಟ್ಟಿಲ ಮೇಲಿನ ಕೋಡುಬಳೆಯಿಂದ ಹಿಡಿದು ಬಚ್ಚಲಿನ ಮಾತಿನ ತನಕ ಎಲ್ಲ ಹೇಳಿಬಿಟ್ಟೆ. ಅಳುತ್ತ ಅರ್ಧ ತಮಿಳಿನಲ್ಲೇ ಹೇಳಿದೆ. ಭಾಷೆಯನ್ನು ಹೊರಗಿಟ್ಟು ಬಾ ಎಂದು ಅಜ್ಜಿ ಅನ್ನಲಿಲ್ಲ. ಸ್ನಾನಕ್ಕೂ ಏಳಲಿಲ್ಲ. ಅಮ್ಮನನ್ನು ಕರೆದು ಕೇಳಿದಳು: “ವತ್ಸಲ ಹೊರಗೆ ಕೂತು ಎಷ್ಟು ತಿಂಗಳಾಯ್ತೇ?”

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಸಿದು ಕೂತಳು. “ಮೂರಾಯ್ತು. ನಾನು ಬೇರೆ ಏನೋ ಅಂದ್ಕೊಂಡು... ಅವಳು ದೇವರ ಮುಂದೆ ಪ್ರಮಾಣ ಮಾಡಿದ್ಲು. ಆದ್ರೂ ಯಾರ ಹತ್ರ ಹೇಳ್ಕೊಳ್ಳಲಿ ಅಂತ...”

“ನೀನು ಅದನ್ನ ಅಂದ್ಕೊಂಡೆ, ನಾನು ಭಕ್ತಿ ಅಂದ್ಕೊಂಡೆ” ಎಂದಳು ಅಜ್ಜಿ. “ಮಗು ಎದುರಿಗೇ ಕರಗಿಹೋಗ್ತಿದೆ. ನಾನೇ ಹೊಗಳಿ ಹೊಗಳಿ ಅಟ್ಟ ಹತ್ತಿಸಿದೆನಲ್ಲೇ.” ಅಜ್ಜಿ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾರನೆಯ ದಿನ ಸೈಕಲ್ ರಿಕ್ಷಾದಲ್ಲಿ ಅಕ್ಕನನ್ನು ಕರೆದುಕೊಂಡು ಅಮ್ಮ, ಅಜ್ಜಿ ಲೇಡಿ ಡಾಕ್ಟರ ಬಳಿ ಹೋದರು. ಅಜ್ಜಿಯ ಕಾಲ ಬಳಿ ನಾನೂ ತುರುಕಿಕೊಂಡೆ. ಡಾಕ್ಟರಮ್ಮ ಬೆಳ್ಳಿಕೂದಲಿನ, ಹೆಚ್ಚು ಮಾತಿಲ್ಲದ ತಮಿಳು ಹೆಂಗಸು. ಅಕ್ಕನ ನಾಡಿ ಹಿಡಿದರು, ಉಗುರು ನೋಡಿದರು, ತೋಳಿನ ಮೇಲೆ ಹೊಸದಾಗಿ ಹುಟ್ಟಿದ್ದ ನವಿರು ಕೂದಲು ನೋಡಿದರು. ವ್ರತದ ಕಥೆಯನ್ನು ಕೇಳಿಸಿಕೊಂಡು ನನ್ನ ಕಡೆ ತಿರುಗಿ, ಎಲೆಯನ್ನು ನೋಡಿದ್ದು ನೀನೇನಾ ಎಂದು ಕೇಳಿದರು. ಆಮೇಲೆ ನಮ್ಮನ್ನೆಲ್ಲ ಹೊರಗೆ ಕಳಿಸಿ ಅಕ್ಕನ ಜೊತೆ ಬಹಳ ಹೊತ್ತು ಮಾತಾಡಿದರು. ಆಚೆ ಬಂದು ಹೇಳಿದ್ದಿಷ್ಟು: ಇದು ಹಟವಲ್ಲ, ಕಾಯಿಲೆ. ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರಿದೆ. ಬೈದರೆ ಹೋಗುವುದಿಲ್ಲ, ಹೊಗಳಿದರೆ ಹೆಚ್ಚುತ್ತದೆ. ಒಂದು ಹೊತ್ತೂ ಬರೀ ಹೊಟ್ಟೆಯಲ್ಲಿ ಬಿಡಬಾರದು. ಒಮ್ಮೆಲೇ ತುಂಬಲೂ ಬಾರದು. ಗಂಜಿಯಿಂದ ಶುರುಮಾಡಿ, ವಾರಕ್ಕೆರಡು ಸಲ ತನ್ನ ಬಳಿ ಕರೆತರಬೇಕು. ಆಗಲಿಲ್ಲವೆಂದರೆ ಆಸ್ಪತ್ರೆಗೆ ಸೇರಿಸಬೇಕು. ಅವಳ ಮೈಯ ಬಗ್ಗೆ ಮನೆಯಲ್ಲಿ ಯಾರೂ ಒಳ್ಳೆಯದೂ ಆಡಬಾರದು, ಕೆಟ್ಟದ್ದೂ ಆಡಬಾರದು. ಇನ್ನೊಂದು ಮಾತನ್ನು ಅಪ್ಪನನ್ನು ಬರಹೇಳಿ ಹೇಳಿದರು. ನಿನಗೇನು ಬೇಕಮ್ಮ ಎಂದು ಕೇಳಿದ್ದಕ್ಕೆ ಅಕ್ಕ, ಓದಬೇಕು ಎಂದಿದ್ದಳಂತೆ.

ಆ ರಿಕ್ಷಾ ಸವಾರಿಯಿಂದಲೇ ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಆಣೆ ಇಟ್ಟಿದ್ದಳಲ್ಲ. ಒಂದೇ ಚಾಪೆಯಲ್ಲಿ ಮಲಗಿದರೂ ಗೋಡೆಯ ಕಡೆ ತಿರುಗುತ್ತಿದ್ದಳು.

ಅದಾಗಿ ಕೆಲವು ದಿನಕ್ಕೆ ಕಾರ್ತೀಕದ ಏಕಾದಶಿ, ಚಾತುರ್ಮಾಸ್ಯ ಮುಗಿಯುವ ಏಕಾದಶಿ. ಬೆಳಗ್ಗೆ ಹಿತ್ತಿಲಿಂದ ಬಂದವಳಿಗೆ ಸೌದೆಯ ಹೊಗೆ ಮೂಗಿಗೆ ಬಡಿಯಿತು. ಓಡಿಹೋಗಿ ಕ್ಯಾಲೆಂಡರ್ ನೋಡಿದೆ. ನಾನು ಸುತ್ತಿದ ಸೊನ್ನೆ ಅಲ್ಲೇ ಇತ್ತು. ಆದರೂ ಅಜ್ಜಿ ಒಲೆಯ ಮುಂದೆ ಕೂತು ಅಕ್ಕಿ ಗಂಜಿ ಕಾಯಿಸುತ್ತಿದ್ದಳು. ಏಕಾದಶಿಯ ದಿನ ಅಕ್ಕಿಯನ್ನು ಕೈಯಲ್ಲೂ ಮುಟ್ಟದವಳು.

“ಅಜ್ಜಿ, ಇವತ್ತು ಏಕಾದಶಿ” ಎಂದಳು ಅಕ್ಕ. ಗೆದ್ದವರ ದನಿ ಅದು. ಇವತ್ತೊಂದು ದಿನ ಯಾರೂ ತನ್ನನ್ನು ಬಲವಂತ ಮಾಡಲಾರರೆಂದು ಕಾದಿದ್ದಳು.

“ಗೊತ್ತು. ನಂಗೆ ಏಕಾದಶಿ. ಕಾಯಿಲೆಯವರಿಗೆ ಇಲ್ಲ.”

“ನೀನು ಮಾಡ್ಬಹುದು, ನಾನು ಮಾಡ್ಬಾರ್ದಾ?”

ಅಜ್ಜಿ ಗಂಜಿಯನ್ನು ಬೆಳ್ಳಿ ಬಟ್ಟಲಿಗೆ ಬಗ್ಗಿಸಿ ಆರಿಸಿದಳು. “ನೋಡು ವತ್ಸು, ನಿನ್ನ ಹತ್ರ ಸುಳ್ಳು ಯಾಕೆ? ನಾನು ಇವತ್ತಿಡೀ ದಿನ ನಾಳೆ ಬೆಳಗಿನ ದೋಸೆ ನೆನೀತಾ ಇರ್ತೀನಿ. ಬಾಯಲ್ಲಿ ದೇವರ ನಾಮ, ತಲೇಲಿ ದೋಸೆ. ಮೂವತ್ತು ವರ್ಷದಿಂದ ಹೀಗೇ ಕಣೇ. ಹಸಿವಾಗತ್ತೆ, ತಡ್ಕೋತೀನಿ, ಬೆಳಗಾದ್ರೆ ಉಣ್ತೀನಿ. ನಂಗೆ ನಾಳೆ ಪಾರಣೆ ಇದೆ. ನಿಂಗೆ ಯಾವತ್ತೇ ಪಾರಣೆ?”

ಅಕ್ಕ ಗೋಡೆಗೆ ಒರಗಿ, ಹಾಗೇ ಜಾರಿ ಕೂತಳು.

“ಭಯ ಆಗತ್ತೆ ಅಜ್ಜಿ” ಎಂದಳು. “ಒಂದು ತುತ್ತು ತಿಂದ್ರೆ ನಿಲ್ಸಕ್ಕೇ ಆಗಲ್ವೇನೋ ಅಂತ. ತಿನ್ನದೇ ಇದ್ರೂ ದಿನಾ ಅದೇ ಯೋಚನೆ. ನಂಗೆ ಸಾಕಾಗಿದೆ.”

“ಹೇಳಿದ್ಯಲ್ಲ, ಒಳ್ಳೇದಾಯ್ತು. ಭಯ ಆದ್ರೆ ಆಗ್ಲಿ, ನಾನು ಪಕ್ಕದಲ್ಲಿರ್ತೀನಿ. ಒಂದು ಚಮಚ ಸಾಕು ಈಗ.”

ಅಕ್ಕ ನಾಲ್ಕು ಚಮಚ ಕುಡಿದಳು. ನಡುನಡುವೆ ಅಳು. ಪ್ರತಿ ಚಮಚಕ್ಕೂ ಅಜ್ಜಿ ಬಟ್ಟಲು ಹಿಡಿದು ಕಾದಳು, ಅವಸರ ಮಾಡಲಿಲ್ಲ. ಅಜ್ಜಿಯ ತುಟಿ ಒಣಗಿ ಬಿರಿದಿತ್ತು. ಅಂದು ಅವಳು ನೀರನ್ನೂ ಮುಟ್ಟಿರಲಿಲ್ಲ. ನಾನು ಬಾಗಿಲ ಹಿಂದೆ ನಿಂತು ನೋಡಿದೆ.

ಆ ದಿನದಿಂದ ಮನೆಯಲ್ಲಿ ಎರಡು ಕಾನೂನು ಬಂದವು. ಯಾರೂ ಎಲೆ ಮಡಚಕೂಡದು, ಅಪ್ಪನೂ ಕೂಡ. ಮತ್ತೆ, ಅಜ್ಜಿ ತನ್ನ ಮಣೆಯನ್ನು ಒಲೆಯ ಪಕ್ಕದಿಂದ ಎತ್ತಿ ತಂದು ಅಕ್ಕನ ಎದುರಿಗೆ ಹಾಕಿಕೊಂಡಳು. ಉಣ್ಣುವಾಗ ಅಕ್ಕನ ಎಲೆಯನ್ನು ದಿಟ್ಟಿಸುತ್ತಿರಲಿಲ್ಲ. ನಂಜನಗೂಡಿನ ಕಥೆ ಹೇಳುತ್ತಿದ್ದಳು. ಹೊಳೆಯಲ್ಲಿ ಬಿದ್ದ ಮೂಗುತಿ, ಮದುವೆ ಮನೆಯಲ್ಲಿ ಜಾಮೂನು ಕದ್ದ ಭಾವ. ಊಟ ಮುಗಿದ ಮೇಲೂ ಅಕ್ಕನನ್ನು ಏಳಗೊಡದೆ ಬತ್ತಿ ಹೊಸೆಯಲು ಕೂರಿಸಿಕೊಳ್ಳುತ್ತಿದ್ದಳು. ಕೆಲವು ದಿನ ಅಕ್ಕ ಎಲೆಯ ಮುಂದೆ ಕಲ್ಲಾಗಿ ಕೂತಿರುತ್ತಿದ್ದಳು. ಕೆಲವು ದಿನ ಸಿಟ್ಟಿಗೆದ್ದು ಎಲೆ ತಳ್ಳುತ್ತಿದ್ದಳು. ಅಜ್ಜಿ ಕಥೆಯನ್ನು ನಿಲ್ಲಿಸದೆ ಮತ್ತೆ ಬಡಿಸುತ್ತಿದ್ದಳು. ರಾಜಿ ಮಾಮಿ ಒಮ್ಮೆ ಬಂದು, ಮುಖ ಈಗ ತುಂಬಿಕೊಂಡಿದೆ ಎಂದು ಶುರುಮಾಡಿದಾಗ ಅಜ್ಜಿ ತನಗೆ ಗೊತ್ತಿದ್ದ ಅಷ್ಟೂ ತಮಿಳು ಉಪಯೋಗಿಸಿ ಅವರನ್ನು ಮಹಡಿಗೆ ವಾಪಸು ಕಳಿಸಿದಳು.

ನನ್ನ ಸಂಜೆಯ ತಿಂಡಿ ಒಂದೇ ಪಾಲಿಗೆ ಇಳಿಯಿತು. ಅದಕ್ಕಿಂತ ಅಕ್ಕ ಮಾತಾಡದ್ದೇ ನನಗೆ ಸಂಕಟ. ಸ್ಕೂಲಿನಿಂದ ಬಂದು ಅವಳ ಸುತ್ತ ಸುಳಿದಾಡುತ್ತಿದ್ದೆ; ಬೇಕೆಂದೇ ಲೆಕ್ಕ ತಪ್ಪು ಮಾಡಿ ಸ್ಲೇಟು ಅವಳ ಕಾಲಬಳಿ ಇಡುತ್ತಿದ್ದೆ. ತಿದ್ದಿ ಇಡುತ್ತಿದ್ದಳು, ಮಾತಿಲ್ಲ. ಹೇಳಿ ತಪ್ಪು ಮಾಡಿದೆನೇನೋ ಎಂದು ಎಷ್ಟೋ ಸಲ ಅನ್ನಿಸಿತು.

ಎರಡು ತಿಂಗಳು ಹೀಗೇ ಹೋಯಿತು. ತಮಿಳರ ಮಾರ್ಗಳಿ, ನಮ್ಮ ಧನುರ್ಮಾಸದ ಚಳಿ, ಬೀದಿಯ ತುಂಬ ದೊಡ್ಡ ದೊಡ್ಡ ರಂಗೋಲಿ ಕೋಲಗಳು. ವೈಕುಂಠ ಏಕಾದಶಿಯ ದಿನ ಅಕ್ಕ ಅವಲಕ್ಕಿ ತಿಂದಳು, ನನ್ನ ಜೊತೆಯಲ್ಲೇ ಕೂತು. ಮಾರನೆಯ ಬೆಳಗ್ಗೆ, ನನ್ನ ನಕ್ಷತ್ರದ ದಿನ, ಎಲ್ಲರೂ ಪಾರಣೆಗೆ ಕೂತೆವು. ನನ್ನ ಎಲೆಗೆ ಮೂರು ದೋಸೆ ಬಂದಿತ್ತು. ಎರಡು ಮುಗಿಸಿ, ಅಂಚು ಗರಿಗರಿಯಾಗಿದ್ದ ಮೂರನೆಯದನ್ನು ಕೊನೆಗೆಂದು ಇಟ್ಟುಕೊಂಡಿದ್ದೆ. ಅಮ್ಮ ಮುಂದಿನದನ್ನು ಇನ್ನೂ ಹುಯ್ಯುತ್ತಿದ್ದಳು.

“ಪದ್ದೀ.”

ತಲೆ ಎತ್ತಿದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು.

“ಆ ದೋಸೆ ನೀನು ತಿಂತೀಯಾ, ಇಲ್ಲ ನಂಗೆ ಕೊಡ್ತೀಯಾ? ನಂಗೆ ಹಸಿವಾಗ್ತಿದೆ.”

ನಾನು ಉಣ್ಣುತ್ತಿದ್ದ ಎಲೆಯ ದೋಸೆ, ಎಂಜಲು. ಅಜ್ಜಿ ಕಿಟಕಿಯ ಕಡೆ ತಿರುಗಿ ಏನನ್ನೋ ಬಹಳ ಗಮನವಿಟ್ಟು ನೋಡತೊಡಗಿದಳು. ಅಲ್ಲಿ ಎಮ್ಮೆ ಬಿಟ್ಟರೆ ಏನೂ ಇರಲಿಲ್ಲ. ನಾನು ದೋಸೆ ಎತ್ತಿ ಕೊಟ್ಟೆ. ಜೀವಮಾನದಲ್ಲಿ ನನ್ನ ಪಾಲಿನ ದೋಸೆಯನ್ನು ಮನಸಾರೆ ಇನ್ನೊಬ್ಬರಿಗೆ ಕೊಟ್ಟದ್ದು ಅದೇ ಮೊದಲು. ಅಕ್ಕ ನಿಧಾನವಾಗಿ ಅಂಚಿನಿಂದ ಮುರಿದು ಮುರಿದು ಪೂರ್ತಿ ತಿಂದಳು. ಎಲೆ ಬರಿದಾಯಿತು, ತೆರೆದೇ ಇತ್ತು.

ಅಲ್ಲಿಗೆ ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಏರಿಳಿತ ಎರಡು ವರ್ಷವಿತ್ತು. ಆದರೆ ಮುಂದಿನ ಜೂನಿನಲ್ಲಿ ಅಪ್ಪ ತಾವೇ ಹೋಗಿ ಅರ್ಜಿ ತಂದರು. ಅಕ್ಕ ಕಡಲಿನ ಎದುರಿನ ಹುಡುಗಿಯರ ಕಾಲೇಜಿಗೆ ಸೇರಿದಳು. ಅವಳ ಡಬ್ಬಿ ಕಟ್ಟುತ್ತಿದ್ದವಳು ಅಜ್ಜಿ. ಆಮೇಲೆ ಅಕ್ಕ ಮೂವತ್ತು ವರ್ಷ ಹುಡುಗಿಯರ ಸ್ಕೂಲಿನಲ್ಲಿ ಲೆಕ್ಕ ಕಲಿಸಿದಳು. ಊಟದ ಬಿಡುವಿನಲ್ಲಿ ಟೀಚರುಗಳ ಕೋಣೆಗೆ ಹೋಗದೆ ಹುಡುಗಿಯರ ನಡುವೆ ಡಬ್ಬಿ ಬಿಚ್ಚಿ ಕೂರುತ್ತಿದ್ದಳೆಂದು ಅವಳ ವಿದ್ಯಾರ್ಥಿನಿಯರು ನನಗೆ ಹೇಳಿದ್ದಾರೆ. ಡಬ್ಬಿ ಮುಚ್ಚಿಕೊಂಡೇ ಮನೆಗೆ ಹೋಗುವ ಹುಡುಗಿ ಯಾರೆಂದು ಅವಳಿಗೆ ವಾರದಲ್ಲಿ ಗೊತ್ತಾಗುತ್ತಿತ್ತಂತೆ. ಬೈಯುತ್ತಿರಲಿಲ್ಲ, ಪಕ್ಕದಲ್ಲಿ ಹೋಗಿ ಕೂರುತ್ತಿದ್ದಳು. ಡಾಕ್ಟರಮ್ಮ ಹೇಳಿದ ಆ ಇಂಗ್ಲಿಷ್ ಹೆಸರನ್ನು ನಾನು ಪತ್ರಿಕೆಯಲ್ಲಿ ಓದಿ ಅವಳಿಗೆ ತೋರಿಸಿದ್ದು ಇಬ್ಬರಿಗೂ ತಲೆ ನರೆತ ಮೇಲೆ. ಓದಿ, “ಇದೇ ಕಣೇ” ಎಂದು ಪತ್ರಿಕೆ ಮಡಚಿ ನನ್ನ ಕೈಗೇ ಕೊಟ್ಟಳು. “ನೀನು ಹೇಳದೇ ಇದ್ದಿದ್ರೆ ನಾನಿರ್ತಿರ್ಲಿಲ್ಲ” ಎಂದೂ ಹೇಳಿದಳು, ನಾನು ಕೇಳದೆಯೇ.

ಕೀಲ್ಪಾಕಿನ ಆ ಮನೆಯ ಜಾಗದಲ್ಲಿ ಈಗ ಫ್ಲ್ಯಾಟುಗಳಿವೆ. ನಾನಿರುವುದು ವೇಲಚೇರಿಯಲ್ಲಿ, ಮಗನ ಮನೆಯಲ್ಲಿ. ಇಲ್ಲಿ ಮಡಿಯಿಲ್ಲ, ಮೂಲೆಯ ಚಾಪೆಯಿಲ್ಲ. ಅವು ಹೋದದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ಎದುರುಬದುರು ಕೂತು ಉಣ್ಣುವುದು ಹೋಯಿತಲ್ಲ, ಅದಕ್ಕಿದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬಂದು ತಟ್ಟೆ ಹಿಡಿದು ತಮ್ಮ ತಮ್ಮ ಕೋಣೆಗೆ ಹೋಗುತ್ತಾರೆ. ಯಾರ ತಟ್ಟೆ ಎಷ್ಟು ಭಾರವೆಂದು ಸಿಂಕಿಗೆ ಮಾತ್ರ ಗೊತ್ತು. ನಾನು ಮೊಮ್ಮಗಳ ಕೋಣೆಗೆ ನನ್ನ ತಟ್ಟೆ ಹಿಡಿದುಕೊಂಡೇ ಹೋಗಿ ಮಂಚದ ಮೇಲೆ ಕೂತು ನಂಜನಗೂಡಿನ ಕಥೆ ಶುರುಮಾಡುತ್ತೇನೆ. ಅವಳು ತಮಿಳಿನಲ್ಲಿ ಗೊಣಗುತ್ತಾಳೆ, ಕಿವಿಯಿಂದ ಆ ವೈರು ತೆಗೆಯುತ್ತಾಳೆ.

ಅಕ್ಕ ಎಂಬತ್ತೆರಡು ತುಂಬಿಸಿ ಹೋದ ವರ್ಷದ ಹಿಂದಿನ ವರ್ಷ ತೀರಿಕೊಂಡಳು. ಕೊನೆಯ ತನಕ ದ್ವಾದಶಿ ಬಂದರೆ ಬೆಳಗ್ಗೆ ಏಳಕ್ಕೆ ನಮ್ಮಲ್ಲಿಗೆ ಆಟೋದಲ್ಲಿ ಬಂದಿಳಿಯುತ್ತಿದ್ದಳು. ನನಗೆ ಸಕ್ಕರೆ ಕಾಯಿಲೆ, ಎರಡು ದೋಸೆಗಿಂತ ಹೆಚ್ಚು ತಿನ್ನಕೂಡದು. ಆದರೂ ಮೂರು ಹಾಕಿಸಿಕೊಳ್ಳುತ್ತಿದ್ದೆ. ಮೂರನೆಯದು ಯಾರದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಈಗಲೂ ಅಭ್ಯಾಸದಿಂದ ಮೂರೇ ಹಾಕಿಸಿಕೊಳ್ಳುತ್ತೇನೆ. ಎರಡು ತಿಂದು, ಗರಿಗರಿ ಅಂಚಿನ ಒಂದನ್ನು ತಟ್ಟೆಯಲ್ಲಿ ಉಳಿಸಿ, ಅದು ತಣ್ಣಗಾಗುವ ತನಕ ಕೂತಿರುತ್ತೇನೆ. ಹಸಿವಾಗ್ತಿದೆ ಕೊಡೇ ಎಂದು ಕೇಳುವವಳು ಇಲ್ಲ.